ಅಂಗಾಲಿನ ಸುದ್ದಿ

ನಮ್ಮ ಮನೆಯವರು ಕುಡಿತ ಬಿಟ್ಟ ಮೇಲೂ ತೂರಾಡುವುದನ್ನು ಬಿಡಲಿಲ್ಲ. ಬೈಲಹೊಂಗಲದ ಮಾರುಕಟ್ಟೆಯಿಂದ ಸುತ್ತಲಿನ ಹಳ್ಳಿಗಳಿಗೆ ಸ್ವಂತ ಟೆಂಪೋದಲ್ಲಿ ಮಾಲು ಸಾಗಿಸುತ್ತಿದ್ದವರು. ವರ್ಷಗಟ್ಟಲೆ ಸಂಜೆಯಾದರೆ ಕುಡಿದು ಬಂದು, ಬಡಿಸಿದ ತಾಟು ಮುಟ್ಟದೆ ಮಲಗಿದವರು. ಈಗ ಬಿಟ್ಟಿದ್ದೇನೆಂದು ನನ್ನ ತಲೆ ಮುಟ್ಟಿ ಹೇಳಿದರು. ನಾನು ಅಷ್ಟು ಸುಲಭಕ್ಕೆ ನಂಬುವವಳಲ್ಲ. ಹೊಸ್ತಿಲಲ್ಲೇ ನಿಲ್ಲಿಸಿ ದಿನಾ ಬಾಯಿ ಮೂಸಿ ನೋಡುತ್ತಿದ್ದೆ. ಬರೀ ಚಹಾದ ವಾಸನೆ. ಆದರೂ ಕಾಲಿಂದ ಚಪ್ಪಲಿ ಕಳಚಿ ಅಂಗಳದಲ್ಲಿ ಉಳಿದದ್ದು ಅವರಿಗೆ ಗೊತ್ತೇ ಆಗಿರುತ್ತಿರಲಿಲ್ಲ.

ಒಂದು ಮುಂಜಾನೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ನಿಂತವರು ವಾಲಿ ಗೋಡೆಗೆ ಬಡಿದುಕೊಂಡರು. ನನ್ನ ಸಿಟ್ಟು ನೆತ್ತಿಗೇರಿತು.

"ಈಗ ಮುಂಜಾನೆನೂ ಚಾಲೂ ಆತೇನ್ರಿ?"

"ನಿನ್ನಾಣಿ, ಒಂದ ಹನಿ ಮುಟ್ಟಿಲ್ಲ. ಕಣ್ಣ ಮುಚ್ಚಿದ್ರ ಕಾಲು ಎಲ್ಲಿ ಅದಾವ ಅನ್ನೂದ ಗೊತ್ತಾಗವಲ್ದು," ಎಂದರು ಸೋಪಿನ ಮುಖದಲ್ಲೇ.

ಅವರ ದನಿ ಕೇಳಿ ನನಗೆ ಹೆದರಿಕೆಯಾಯಿತು. ಅವತ್ತೇ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವರ ಕಣ್ಣು ಮುಚ್ಚಿಸಿ, ಕಾಲಿನ ಹೆಬ್ಬೆರಳನ್ನು ಮೇಲೆತ್ತಿ ಕೆಳಗಿಳಿಸಿ ಯಾವ ಕಡೆ ಇದೆ ಎಂದು ಕೇಳಿದರು. ಇವರು ತಪ್ಪೇ ಹೇಳಿದರು. ಅಂಗಾಲಿಗೆ ಬಿಸಿ ತಣ್ಣಗಿನ ಅರಿವೂ ಇರಲಿಲ್ಲ.

"ಕಾಲಿನ ಸುದ್ದಿ ಬೆನ್ನುಹುರಿಯೊಳಗ ಹಾದು ಮಿದುಳಿಗೆ ಮುಟ್ಟಬೇಕ್ರಿ," ಎಂದರು ಡಾಕ್ಟರು. "ಕುಡದ ಕುಡದ ನರ ಸೊರಗ್ಯಾವ. ಸರಿಯಾಗಿ ಉಣ್ಣದ್ದಕ್ಕ ಮೈಯಾಗ ಜೀವಸತ್ವನೂ ಇಲ್ಲ, ಅದರಿಂದ ಬೆನ್ನುಹುರಿಗೂ ಪೆಟ್ಟು ಬಿದ್ದೈತಿ. ಕಣ್ಣು ತೆರದಾಗ ನೋಡಿ ಸಂಭಾಳಸ್ತಾರ, ಮುಚ್ಚಿದ್ರ ಬೀಳ್ತಾರ."

"ಮೊದಲಿನಂಗ ಆಗ್ತಾವೇನ್ರಿ ಕಾಲು?"

"ಮತ್ತ ಕುಡಿಯದಿದ್ರ, ಸೂಜಿ ಗುಳಿಗಿ ತಪ್ಪಿಸದಿದ್ರ, ಒಂದಿಷ್ಟು ಆಗಬಹುದು. ಪೂರಾ ಆಗ್ತಾವ ಅಂತ ಹೇಳಾಕ ಬರೂದಿಲ್ಲ. ಗಾಡಿ ಮಾತ್ರ ಹೊಡೀಬ್ಯಾಡ್ರಿ."

ಅಷ್ಟು ಹೊತ್ತು ಗಟ್ಟಿಯಾಗಿ ಕೂತಿದ್ದವರು ಗಾಡಿಯ ಮಾತಿಗೆ ಅತ್ತುಬಿಟ್ಟರು. ನನಗೂ ಅಳು ಬಂತು, ಆದರೆ ಇಬ್ಬರೂ ಅತ್ತರೆ ಟೆಂಪೋ ಓಡಿಸುವವರು ಯಾರು? ನಾನೇ ಕಲಿತೆ. ಲೈಸೆನ್ಸೂ ಬಂತು. ಪಕ್ಕದ ಸೀಟಿನಲ್ಲಿ ಇವರೇ ಗುರುಗಳಾಗಿ ಕುಳಿತು, "ಕ್ಲಚ್ ಒತ್ತಿ ಗೇರ್ ಹಾಕ, ಒಲಿಗೆ ಕಟಿಗಿ ತುರುಕಿದಂಗ ತುರುಕಬ್ಯಾಡ," ಎನ್ನುವರು. "ಹಂಗಾದ್ರ ಇಳದು ನಡಕೋತ ಬರ್ರಿ," ಎನ್ನುವೆ ನಾನು. ನೇಸರಗಿಯ ಅಂಗಡಿಕಾರರು ಮೊದಮೊದಲು ನಕ್ಕರು, ಆಮೇಲೆ ನನಗೇ ಫೋನು ಮಾಡತೊಡಗಿದರು. ಇವರು ಎರಡು ಹೊತ್ತೂ ರೊಟ್ಟಿ, ಕಾಳುಪಲ್ಯ, ಮೊಸರು ಉಣ್ಣುತ್ತಾರೆ. ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಾರೆ. ಮದುವೆಯಾದಾಗಿನಿಂದ ನಾವು ಇಷ್ಟು ಹೊತ್ತು ಜೊತೆಗೆ ಕೂತದ್ದೇ ಇಲ್ಲ. ನನಗೆ ಇದು ಹಿಡಿಸಿದೆ.

ಮೊನ್ನೆ ಮಧ್ಯಾಹ್ನ ಹೂಲಿಯಲ್ಲಿ ಮಾಲು ಇಳಿಸಿ ಬರುತ್ತಿದ್ದೆವು. ಇವರು ಚಪ್ಪಲಿ ಬಿಟ್ಟು ಕುಳಿತಿದ್ದರು.

"ಏ, ಕೆಳಗ ತಗಡು ಸುಡಾಕತ್ತೈತಲ್ಲ!" ಎಂದು ಸಿಡುಕಿದರು.

ಚಪ್ಪಲಿ ಹಾಕಿಕೊಳ್ಳಿ ಎಂದು ತಿರುಗಿ ಸಿಡುಕಲು ಬಾಯಿ ತೆರೆದವಳು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ.

"ಯಾವ ಕಾಲು ಸುಡಾಕತ್ತೈತ್ರಿ?"

"ಎಡಗಾಲು," ಎಂದವರು, ತಾವು ಆಡಿದ ಮಾತು ತಮಗೇ ತಿಳಿದು ನನ್ನ ಮುಖ ನೋಡಿದರು. ಆಮೇಲೆ ಬಲಗಾಲನ್ನೂ ಮೆಲ್ಲಗೆ ತಗಡಿನ ಮೇಲಿಟ್ಟು, ಕಣ್ಣು ಮುಚ್ಚಿ ಕಾದರು. ನಾನೂ ಇಂಜಿನ್ ಬಂದ್ ಮಾಡಿ ಕಾದೆ.