ನಾಲ್ಕು ಕುದುರೆಗೆ ಒಂದು ಪರವಾನಗಿ

ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಗೆ ಹತ್ತಿರದಲ್ಲೇ, ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ನನ್ನ ಕೋಣೆ. ಹೊರಗೆ ಬೋರ್ಡಿಲ್ಲ. ಇದ್ದದ್ದು ಒಂದು ಗಾಳಿಗೆ ಕಿತ್ತು ಬಿದ್ದ ಮೇಲೆ ಮತ್ತೆ ಹಾಕಿಸಲಿಲ್ಲ. ‘ಪ್ಲಾನ್ ಬರೆಯೋ ಮೇಡಮ್ಮ ಎಲ್ಲಿ’ ಎಂದು ಕೇಳಿದರೆ ಕೆಳಗಿನ ಅಂಗಡಿಯವರೇ ಮೆಟ್ಟಿಲು ತೋರಿಸುತ್ತಾರೆ. ಸಿವಿಲ್ ಡಿಪ್ಲೊಮಾ ಮುಗಿಸಿದಾಗಿನಿಂದ ನಾನು ಮಾಡುತ್ತಾ ಬಂದಿರುವುದು ಇದೊಂದೇ ಕೆಲಸ: ಮನೆ, ಅಂಗಡಿ, ಆಲೆಮನೆ, ಕೋಳಿ ಶೆಡ್ಡು, ಕಲ್ಯಾಣ ಮಂಟಪಗಳ ನಕ್ಷೆ ಬರೆದು, ಕಾಗದ ಜೋಡಿಸಿ, ಕಟ್ಟಡದ ಪರವಾನಗಿ ಕೊಡಿಸುವುದು. ನಾನು ಬರೆದ ನಕ್ಷೆ ತಿರಸ್ಕೃತವಾಗಿ ವಾಪಸ್ಸು ಬಂದದ್ದು ಕಡಿಮೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹಾಗಿದ್ದೂ ಆ ಗಂಡ ಹೆಂಡತಿ ಮೆಟ್ಟಿಲು ಹತ್ತಿ ಬಂದು ‘ಕುದುರೆ ಲಾಯ ಕಟ್ಟಬೇಕು’ ಎಂದಾಗ ನಾನು ಒಂದು ಗಳಿಗೆ ಪೆನ್ಸಿಲ್ ಕೆಳಗಿಟ್ಟೆ.

ಅವರು ಬಿಂಡಿಗನವಿಲೆ ಕಡೆಯ ಒಕ್ಕಲು ಮನೆತನದವರು. ಆತ ಚಿಕ್ಕಂದಿನಲ್ಲೇ ಮೈಸೂರಿಗೆ ಹೋಗಿ, ಅಲ್ಲಿನ ಒಂದು ಖಾಸಗಿ ಸವಾರಿ ಶಾಲೆಯಲ್ಲಿ ಕುದುರೆ ಮೈ ತಿಕ್ಕುವ ಕೆಲಸಕ್ಕೆ ಸೇರಿ, ಕೊನೆಗೆ ಅಲ್ಲೇ ಸವಾರಿ ಕಲಿಸುವ ಮೇಷ್ಟ್ರಾಗಿದ್ದರು. ಈಗ ಶಾಲೆಯವರು ಬಾಗಿಲು ಹಾಕುತ್ತಿದ್ದರು. ವಯಸ್ಸಾದ ನಾಲ್ಕು ಕುದುರೆಗಳನ್ನು ಯಾರೂ ಕೊಳ್ಳಲಿಲ್ಲ. ‘ನಾನೇ ಇಟ್ಕೊತೀನಿ’ ಎಂದು ಇವರು ಒಪ್ಪಿಕೊಂಡಿದ್ದರು. ದೀಪಾವಳಿಯೊಳಗೆ ಕುದುರೆಗಳನ್ನು ಅಲ್ಲಿಂದ ಸಾಗಿಸಬೇಕಿತ್ತು. ನಮ್ಮ ಮಾತುಕತೆ ನಡೆದದ್ದು ಯುಗಾದಿ ಆದ ಮೇಲೆ.

‘ಊರಲ್ಲಿ ಮೂರೆಕರೆ ಐತೆ ಮೇಡಂ. ಲಾಯ ಕಟ್ಟಾಕ್ಬುಡ್ತೀನಿ, ಪರ್ಮಿಶನ್ನು ಆಮೇಲೆ ನೋಡ್ಕೊಳ್ಳಾನ ಅಂದ್ರೆ ಇವ್ಳು ಒಪ್ತಾ ಇಲ್ಲ,’ ಎಂದರು ಆತ.

‘ಕಟ್ಟಿದ್ಮೇಲೆ ಬಂದು ಕೆಡವಿದ್ರೆ ಕುದ್ರೆ ತಗಂಡೋಗಿ ನಡುಮನೇಲಿ ಕಟ್ತೀರಾ?’ ಎಂದು ಹೆಂಡತಿ ಕೇಳಿದರು. ಆ ಮಾತಿಗೇ ನಾನು ಈ ಕೆಲಸ ಒಪ್ಪಿಕೊಂಡೆ ಅನ್ನಿಸುತ್ತದೆ.

ಅವರಿಗೆ ಬೇಕಿದ್ದುದು ಎರಡು. ಒಂದು, ಕುದುರೆಗಳಿಗೆ ಲಾಯ. ಇನ್ನೊಂದು, ಆಸಕ್ತಿ ಇದ್ದವರಿಗೆ ಸವಾರಿ ಕಲಿಸಲು ಒಂದು ಅಂಗಳ, ಪಕ್ಕದಲ್ಲಿ ಎರಡು ಕೋಣೆ. ನಾನು ಅಲ್ಲೇ ಹೇಳಿದೆ: ‘ಅಣ್ಣ, ಇವೆರಡನ್ನೂ ಒಂದೇ ಅರ್ಜೀಲಿ ಹಾಕಿದ್ರೆ ಎರಡೂ ನಿಲ್ಲುತ್ತೆ. ಜಮೀನಲ್ಲಿ ಪ್ರಾಣಿ ಸಾಕೋ ಶೆಡ್ಡು ಅಂದ್ರೆ ಅದು ವ್ಯವಸಾಯದ ಜೊತೆಗೇ ಬರುತ್ತೆ, ಅದಕ್ಕೊಂದು ದಾರಿ ಇದೆ. ಫೀಸ್ ತಗೊಂಡು ಕಲಿಸ್ತೀನಿ ಅಂದ್ರೆ ಅಷ್ಟು ಜಾಗನಾ ಭೂಪರಿವರ್ತನೆ ಮಾಡಿಸ್ಬೇಕು. ಅದು ಮಂಡ್ಯದ ಡಿ.ಸಿ. ಆಫೀಸಿಂದ ಆಗ್ಬೇಕಾದ ಕೆಲಸ, ನಿಧಾನ. ಮೊದಲು ಕುದುರೆಗೆ ನೆರಳಾಗಲಿ.’

ಹೆಂಡತಿ ತಲೆಯಾಡಿಸಿ, ಚೀಲದಿಂದ ಪಹಣಿ ತೆಗೆದು ನನ್ನ ಮುಂದಿಟ್ಟರು.

ನನಗೆ ಬಂದ ಧೈರ್ಯ ಎಷ್ಟೆಂದರೆ ಆ ವಾರವೇ ಲಾಯದ ಮೊದಲ ನಕ್ಷೆ ಬರೆದುಬಿಟ್ಟೆ. ದನದ ಕೊಟ್ಟಿಗೆಯ ಅಳತೆಯನ್ನೇ ಸ್ವಲ್ಪ ದೊಡ್ಡದು ಮಾಡಿ, ಸಾಲಾಗಿ ಗೊಂತು, ಹಿಂದೆ ಗಂಜಲ ಹರಿಯಲು ಕಾಲುವೆ, ಆರಡಿ ಬಾಗಿಲು. ಮೈಸೂರಿನ ಸವಾರಿ ಶಾಲೆಗೆ ಹೋಗಿ ತೋರಿಸಿದಾಗ ಆತ ಕಾಗದವನ್ನು ಸುತ್ತಿ ನನ್ನ ಕೈಗೇ ವಾಪಸ್ಸು ಕೊಟ್ಟು, ‘ಬನ್ನಿ ಮೇಡಂ, ಒಂದ್ಸಲ ಪರಿಚಯ ಮಾಡ್ಕೊಳಿ’ ಎಂದು ಒಳಗೆ ಕರೆದರು.

ಅಲ್ಲಿಯವರೆಗೆ ನಾನು ಕುದುರೆಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕಂದು ಬಣ್ಣದ ಹಿರಿಯ ಹೆಣ್ಣು ಕುದುರೆ ತಲೆ ಎತ್ತಿದಾಗ ಅದರ ಕಿವಿ ನನ್ನ ಆರಡಿ ಬಾಗಿಲನ್ನು ಎಲ್ಲೋ ದಾಟಿತ್ತು. ಅದನ್ನು ದನದ ಹಾಗೆ ಗೂಟಕ್ಕೆ ಕಟ್ಟುವುದಿಲ್ಲ, ಕೋಣೆಯಲ್ಲಿ ಬಿಡುತ್ತಾರೆ. ಮಲಗಿ ಹೊರಳಿ ಏಳಲು ಅದಕ್ಕೆ ನಾಲ್ಕು ಕಡೆಯೂ ಹನ್ನೆರಡು ಅಡಿ ಬೇಕು. ಬಾಗಿಲನ್ನು ಅಡ್ಡಕ್ಕೆ ಎರಡು ಭಾಗ ಮಾಡಿ ಮೇಲಿನದು ತೆರೆದಿಟ್ಟರೆ ಅದು ಕತ್ತು ಹೊರಗಿಟ್ಟು ಮಿಕ್ಕವನ್ನು ನೋಡುತ್ತಾ ನಿಲ್ಲುತ್ತದೆ. ನೋಡಲು ಆಗದಿದ್ದರೆ ಗೋಡೆ ಒದೆಯುತ್ತದೆ. ಇವನ್ನೆಲ್ಲ ಆತ ಹೇಳುತ್ತಾ ಹೋದರು, ನಾನು ಟೇಪು ಹಿಡಿದು ಅಳೆಯುತ್ತಾ ಹೋದೆ. ಬಗ್ಗಿ ಬರೆದುಕೊಳ್ಳುತ್ತಿದ್ದಾಗ ಆ ಹೆಣ್ಣು ಕುದುರೆ ನನ್ನ ಕಂಕುಳಲ್ಲಿದ್ದ ಕಾಗದದ ಸುರುಳಿಯ ತುದಿಯನ್ನು ಕಚ್ಚಿ ಎಳೆದು, ನಿಧಾನವಾಗಿ ಅಗಿಯತೊಡಗಿತು.

‘ಅದಕ್ಕೂ ನಿಮ್ಮ ಪ್ಲಾನ್ ಇಷ್ಟ ಆಗ್ನಿಲ್ಲ ಬುಡಿ,’ ಎಂದು ಆತ ನಕ್ಕರು. ನಾನೂ ನಕ್ಕೆ. ಎರಡನೆಯ ನಕ್ಷೆಯಲ್ಲಿ ತಪ್ಪಿರಲಿಲ್ಲ. ಎತ್ತರದ ಸೂರು, ಬಿಸಿಲಿಗೆ ಕಾಯದ ಹಾಗೆ ಹೆಂಚು, ಜಾರದ ನೆಲ, ಎರಡು ಕೋಣೆಗಳ ಎದುರಿಗೆ ಎರಡು ಕೋಣೆ.

ಜಮೀನಿನಲ್ಲಿ ಅದನ್ನು ಎಲ್ಲಿ ಕೂರಿಸಬೇಕು ಎಂಬುದರ ಬಗ್ಗೆ ಆತನಿಗೆ ಅನುಮಾನವೇ ಇರಲಿಲ್ಲ. ಪೂರ್ವದ ಅಂಚಿನಲ್ಲಿ ಸಮತಟ್ಟಾದ, ಎತ್ತರದ ಜಾಗ, ಪಕ್ಕದಲ್ಲೇ ಬೋರು. ನನಗೂ ಅದೇ ಹಿಡಿಸಿತು. ಆದರೆ ಜಾಗ ಹಿಡಿಸಿದ ಮಾತ್ರಕ್ಕೆ ನಾನು ಗೆರೆ ಎಳೆಯುವವಳಲ್ಲ. ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ, ಪಾಂಡವಪುರ ದಾಟಿ ನಾಗಮಂಗಲಕ್ಕೆ ಹೋಗಿ, ಅಲ್ಲಿನ ಸರ್ವೆ ಶಾಖೆಯಲ್ಲಿ ಗ್ರಾಮ ನಕಾಶೆಯ ಪ್ರತಿಗೆ ಅರ್ಜಿ ಕೊಟ್ಟೆ. ಪ್ರತಿ ಕೈಗೆ ಬಂದದ್ದು ಮೂರನೆಯ ಸಲ ಹೋದಾಗ. ಅಲ್ಲೇ ಬೆಂಚಿನ ಮೇಲೆ ಬಿಡಿಸಿ ನೋಡಿದೆ. ಇವರ ಸರ್ವೆ ನಂಬರಿನ ಪೂರ್ವದ ಅಂಚಿನಲ್ಲಿ ಜೋಡಿ ಚುಕ್ಕೆ ಗೆರೆ ಓಡಿತ್ತು. ಬಂಡಿ ದಾರಿ. ಲಾಯ ನಿಲ್ಲಬೇಕಾಗಿದ್ದುದು ಸರಿಯಾಗಿ ಅದರ ಮೇಲೆ.

ನೆಲದ ಮೇಲೆ ಮಾತ್ರ ದಾರಿಯ ಗುರುತೇ ಇರಲಿಲ್ಲ. ರಾಗಿ ಬೆಳೆದು ಕೊಯ್ದ ಕೂಳೆಯಷ್ಟೇ ಇತ್ತು.

ನಕಾಶೆಯನ್ನು ಅವರ ಮನೆಯ ಜಗಲಿಯಲ್ಲಿ ಬಿಡಿಸಿ ತೋರಿಸಿದಾಗ ಆತನ ಮುಖ ಕೆಂಪಾಯಿತು.

‘ನಮ್ಮಪ್ಪನ ಕಾಲದಿಂದ್ಲೂ ಇದು ನಮ್ಮ ಹೊಲ್ವೇ ಮೇಡಂ. ನಮ್ಮಪ್ಪ ದಾರಿ ನುಂಗಾಕಿದ್ರು ಅಂತೀರಾ?’

‘ನಾನು ಯಾರನ್ನೂ ಏನೂ ಅಂತಿಲ್ಲ ಅಣ್ಣ. ನಕಾಶೆ ಹೀಗಿದೆ.’

‘ಈ ನಕಾಶೇನ ಯಾರ್ ನೋಡ್ತಾರೆ? ಪಂಚಾಯ್ತೀಲಿ ಕೇಳ್ತಾರಾ?’

‘ಕೇಳದೆ ಇರಬಹುದು. ಕೇಳಿದ ದಿನ ನಿಮ್ಮ ಲಾಯ ಇರಲ್ಲ. ನಾನು ಆ ಜಾಗಕ್ಕೆ ಸಹಿ ಹಾಕಲ್ಲ.’

ಬಾಗಿಲಲ್ಲಿ ನಿಂತಿದ್ದ ಹೆಂಡತಿ, ‘ನಾನು ಮದ್ವೆ ಆಗಿ ಬಂದೋಳು ಈ ದಾರೀಲೇ ಗಾಡಿಲಿ ಬಂದಿದ್ದು. ಮಾವ ಆಮೇಲೆ ಉತ್ತುದ್ದು. ಯಾಕ್ ಸುಳ್ಳು ಯೋಳ್ಬೇಕು?’ ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆತ ಎದ್ದು ಹಿತ್ತಲಿಗೆ ಹೋದರು. ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ವಾಪಸ್ಸು ಬಂದು, ‘ಪಡುವಲ ಕಡೀಕೆ ಸರ್ಸಿ ಬರೀರಿ. ನೀರಿನ ಪೈಪು ನಾನು ಎಳ್ಕೊತೀನಿ,’ ಎಂದರು. ಅಪ್ಪನ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಲಾಯವನ್ನು ಪಶ್ಚಿಮಕ್ಕೆ ಸರಿಸಿದೆ. ಬಂಡಿ ದಾರಿಯನ್ನು ನಕ್ಷೆಯಲ್ಲಿ ದಪ್ಪ ಗೆರೆಯಲ್ಲಿ ತೋರಿಸಿ, ಅದರಿಂದ ಬಿಡಬೇಕಾದ ಜಾಗ ಬಿಟ್ಟೆ. ತಿಪ್ಪೆ ಗುಂಡಿಯನ್ನು ಬೋರಿನಿಂದ, ಹಳ್ಳದಿಂದ ದೂರ, ಇಳಿಜಾರಿಗೆ ಅಡ್ಡ ಬದು ಹಾಕಿ ತೋರಿಸಿದೆ. ಪಹಣಿ, ಮ್ಯುಟೇಶನ್, ಹದ್ದುಬಸ್ತಿನ ಸ್ಕೆಚ್ಚು, ಪಶುವೈದ್ಯರ ಪತ್ರ ಎಲ್ಲವನ್ನೂ ಹೊಲಿದು ಫೈಲು ಮಾಡಿ ಪಂಚಾಯಿತಿಗೆ ಹೋದೆ.

ಅಲ್ಲಿನ ಅಭಿವೃದ್ಧಿ ಅಧಿಕಾರಿ ಆ ಹುದ್ದೆಗೆ ಹೊಸಬ, ಮರ್ಯಾದಸ್ಥ. ಕಂಪ್ಯೂಟರಿನ ಮುಂದೆ ಕೂತು ಶೆಡ್ಡುಗಳ ಪಟ್ಟಿಯಲ್ಲಿ ಬಹಳ ಹೊತ್ತು ಹುಡುಕಿದ. ‘ಮೇಡಂ, ಇದ್ರಲ್ಲಿ ದನ ಐತೆ, ಕುರಿ ಐತೆ, ಕೋಳಿ ಐತೆ. ಕುದ್ರೆ ಇಲ್ಲ. ಕುರಿ ಶೆಡ್ ಅಂತ ಆಕ್ಬುಡ್ಲಾ? ಬೇಗ ಆಗೋಯ್ತದೆ.’

‘ನಾಳೆ ನೀವೇ ತಪಾಸಣೆಗೆ ಬಂದಾಗ ಕುರಿ ಎಲ್ಲಿ ಅಂತ ಕೇಳ್ಬೇಕಾಗುತ್ತೆ,’ ಎಂದೆ. ‘ಇತರೆ ಅಂತ ಒಂದಿರುತ್ತೆ ನೋಡಿ. ಅದರಲ್ಲಿ ಕುದುರೆ ಅಂತಲೇ ಬರೀರಿ.’

ಇತ್ತು. ಎಲ್ಲಕ್ಕಿಂತ ಕೆಳಗಿತ್ತು. ಅವನು ಒಂದೊಂದೇ ಅಕ್ಷರ ಹುಡುಕಿ ‘ಕುದುರೆ’ ಎಂದು ಟೈಪು ಮಾಡಿದ. ಮಾಡಿ, ‘ಆದ್ರೂ ಇದು ಸಭೆಗೆ ಓಗ್ಬೇಕು ಮೇಡಂ. ಊರಲ್ಲಿ ಸುದ್ದಿ ಕೇಳಿ ಆಗ್ಲೇ ಒಂದು ತಕರಾರು ಬಂದೈತೆ,’ ಎಂದ.

ತಕರಾರು ಕೊಟ್ಟವರು ಪೂರ್ವ ಪಕ್ಕದ ಜಮೀನಿನವರು. ಕುರಿ ಸಾಕಿದ್ದವರು, ನಮ್ಮ ಮೇಷ್ಟ್ರ ಓರಗೆಯವರು, ಜೊತೆಯಲ್ಲೇ ಶಾಲೆಗೆ ಹೋದವರು. ದಾರಿ ಉತ್ತ ಮೇಲೆ ಎರಡು ಮನೆಗೂ ಮಾತು ಕಡಿಮೆಯಾಗಿತ್ತು. ಕುದುರೆ ಲಾಯ ಎಂಬುದು ಬರೀ ಹೆಸರಿಗೆ, ಇವರು ಅಲ್ಲಿ ರೆಸಾರ್ಟು ಮಾಡುತ್ತಾರೆ ಎಂದು ಅರ್ಜಿಯಲ್ಲಿತ್ತು.

ಸಭೆಯ ದಿನ ನಾನು ಮುಂದಿನ ಸಾಲಿನಲ್ಲೇ ಕೂತೆ. ಒಬ್ಬ ಸದಸ್ಯರು, ‘ಕುದ್ರೆ ಅಂದ್ರೆ ರೇಸು, ರೇಸು ಅಂದ್ರೆ ಜೂಜು. ನಮ್ಮೂರ್ಗೆ ಬ್ಯಾಡ,’ ಎಂದು ಶುರು ಮಾಡಿದರು. ನಾನು ಎದ್ದು ನಕ್ಷೆಯನ್ನು ಗೋಡೆಗೆ ಅಂಟಿಸಿ, ಕೋಣೆ ಕೋಣೆಯಾಗಿ ವಿವರಿಸಿದೆ. ನಾಲ್ಕು ಕುದುರೆ, ಒಂದು ಮೇವಿನ ಕೋಣೆ, ಒಂದು ತೊಟ್ಟಿ. ಮಲಗುವ ಕೋಣೆ ಎಲ್ಲೂ ಇಲ್ಲ. ರೆಸಾರ್ಟಿಗೆ ಬಂದವರು ಹುಲ್ಲಿನ ಮೇಲೆ ಮಲಗುತ್ತಾರಾ ಎಂದು ಕೇಳಿದೆ. ಸಭೆಯಲ್ಲಿ ನಗು ಎದ್ದಿತು, ಆದರೆ ಕುರಿಯವರು ನಗಲಿಲ್ಲ.

‘ಇವತ್ತು ನಾಲ್ಕು, ನಾಳೆ ಸವಾರಿ ಅಂತ ಕಾರು ಬತ್ತವೆ. ನನ್ ಕುರಿ ಎಲ್ಲೋಗ್ಬೇಕು?’

ಆಗ ಮೇಷ್ಟ್ರು ಎದ್ದರು. ಮೊದಲೇ ಮಾತಾಡಿಕೊಂಡದ್ದಲ್ಲ, ನನಗೂ ಅದು ಗೊತ್ತಿರಲಿಲ್ಲ.

‘ಲೇ, ನಿನ್ ಕುರಿ ಮೊದ್ಲು ಎಲ್ಲೋಯ್ತಿದ್ವೋ ಅಲ್ಲೇ ಓಗ್ಲಿ ಕಣ್ಲಾ. ಬಂಡಿ ದಾರಿ ಬುಡ್ತಾ ಇವ್ನಿ. ನಕ್ಷೇಲಿ ಐತೆ, ಕಣ್ ಬುಟ್ಟು ನೋಡು. ನಮ್ಮಪ್ಪ ಉತ್ತಿದ್ದು ತೆಪ್ಪು.’

ಕುರಿಯವರು ಗೋಡೆಯ ಹತ್ತಿರ ಬಂದು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಗೆರೆಯ ಮೇಲೆ ಬೆರಳಿಟ್ಟು ಆ ತುದಿಯಿಂದ ಈ ತುದಿಯವರೆಗೆ ಎಳೆದರು. ‘ಇದು ಕಾಗ್ದದಲ್ಲಿ ಐತೆ. ನೆಲದ್ಮೇಲೆ?’ ಎಂದು ನನ್ನನ್ನು ಕೇಳಿದರು.

‘ಸರ್ವೆಯವರಿಂದ ಕಲ್ಲು ನೆಡಿಸಿ, ಆಮೇಲೆ ಲಾಯದ ಪಾಯ ತೆಗೆಸ್ತೀವಿ. ಬೇಕಾದ್ರೆ ಪರವಾನಗೀಲೇ ಹಾಗಂತ ಬರೀಲಿ,’ ಎಂದೆ.

‘ಬರ್ಕೊಳಿ. ಇನ್ನೊಂದು. ದಾರಿಗೂ ಕುದ್ರೆಗೂ ಮದ್ಯೆ ಬೇಲಿ ಬೇಕು. ನನ್ ಕುರಿ ಬೆದ್ರುದ್ರೆ ನಾನ್ ಸುಮ್ಕಿರಕಿಲ್ಲ.’

ನಾನು ಅಲ್ಲೇ ಪೆನ್ಸಿಲ್ ತೆಗೆದು ನಕ್ಷೆಯಲ್ಲಿ ಬೇಲಿ ಎಳೆದೆ. ಇಬ್ಬರೂ ಕೈ ಕುಲುಕಲಿಲ್ಲ, ಹಳೆಯ ಗೆಳೆತನ ಅವತ್ತೇ ಮರಳಲೂ ಇಲ್ಲ. ಆದರೆ ತಕರಾರು ವಾಪಸ್ಸಾಯಿತು, ಎರಡು ಷರತ್ತಿನೊಂದಿಗೆ ಸಭೆ ಒಪ್ಪಿಗೆ ಕೊಟ್ಟಿತು. ಪರವಾನಗಿ ಕೈಗೆ ಬಂದಾಗ ಮಳೆಗಾಲ ಶುರುವಾಗಿತ್ತು. ಕಲ್ಲು ನೆಟ್ಟರು, ಪಾಯ ಎದ್ದಿತು, ಸೂರಿನ ಹೆಂಚು ಹೊದಿಸುವಷ್ಟರಲ್ಲಿ ಆಯುಧ ಪೂಜೆ ಕಳೆಯಿತು.

ದೀಪಾವಳಿಗೆ ಐದು ದಿನ ಮುಂಚೆ ಎರಡು ಲಾರಿಗಳಲ್ಲಿ ಕುದುರೆಗಳು ಬಂದವು. ನಾನು ಹೋಗಿದ್ದೆ. ಅರ್ಧ ಊರೇ ಅಲ್ಲಿತ್ತು. ಕಂದು ಹೆಣ್ಣು ಕುದುರೆ ಹಲಗೆಯ ಮೇಲಿಂದ ಇಳಿಯಲು ಹಟ ಮಾಡಿತು; ಮೇಷ್ಟ್ರು ಅದರ ಕಿವಿಯ ಹತ್ತಿರ ಏನೋ ಹೇಳಿದರು, ಇಳಿಯಿತು. ಒಳಗೆ ಬಿಟ್ಟ ಮೇಲೆ ಒಂದು ಸುತ್ತು ಹಾಕಿ, ಮೇಲಿನ ಬಾಗಿಲಿನಿಂದ ಕತ್ತು ಹೊರಗೆ ಹಾಕಿ, ಎದುರಿನ ಕೋಣೆಯ ಕುದುರೆಯನ್ನು ನೋಡಿ ದೊಡ್ಡದಾಗಿ ಉಸಿರು ಬಿಟ್ಟಿತು. ನಾನು ಬರೆದ ಎಷ್ಟೋ ಮನೆಗಳ ಗೃಹಪ್ರವೇಶಕ್ಕೆ ಹೋಗಿದ್ದೇನೆ. ಕಟ್ಟಿದ ಜಾಗ ಒಳಗಿರುವವರಿಗೆ ಒಪ್ಪಿತೋ ಇಲ್ಲವೋ ಎಂದು ಅಷ್ಟು ಸ್ಪಷ್ಟವಾಗಿ ತಿಳಿದದ್ದು ಅವತ್ತೊಂದೇ ಸಲ.

ಸವಾರಿ ಅಂಗಳದ ಭೂಪರಿವರ್ತನೆ ಅದಾದ ಮೇಲೂ ಒಂದು ವರ್ಷ ತೆಗೆದುಕೊಂಡಿತು. ಎರಡು ಸಲ ಪ್ರಶ್ನೆ ಹಾಕಿ ವಾಪಸ್ಸು ಕಳಿಸಿದರು, ಎರಡು ಸಲವೂ ಉತ್ತರ ಬರೆದೆ. ಈಗ ಭಾನುವಾರ ಅಲ್ಲಿ ಕಲಿಯಲು ಬರುವವರಲ್ಲಿ ನಾಗಮಂಗಲದ ಇಬ್ಬರು ನರ್ಸುಗಳಿದ್ದಾರೆ, ಪಾಂಡವಪುರದ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ.

ಹೋದ ತಿಂಗಳು ಕೆ.ಆರ್. ಪೇಟೆಯಿಂದ ಒಬ್ಬರು ಬಂದಿದ್ದರು. ಹೇಮಗಿರಿ ಹತ್ತಿರ, ಹೊಳೆಗೆ ಅಂಟಿಕೊಂಡೇ ಜಾಗ, ಹತ್ತು ಕುದುರೆಗೆ ಲಾಯ ಆಗಬೇಕಂತೆ. ಮೊಬೈಲಿನಲ್ಲಿ ಫೋಟೋ ತೋರಿಸಿದರು. ಹೊಳೆ ತುಂಬಿದಾಗ ನೀರು ಎಲ್ಲಿಗೆ ಬರುತ್ತದೆ ಎಂದು ಕೇಳಿದೆ. ಅವರು ಕೈ ಆಡಿಸಿ, ‘ಅದ್ ಯಾವಾಗ್ಲೋ ಒಂದ್ಸಲ’ ಎಂದರು. ಅಲ್ಲಿ ಆಗುವುದಿಲ್ಲ ಎಂದು ಹೇಳಿ ಫೋನನ್ನು ಅವರ ಕೈಗೆ ಕೊಟ್ಟೆ. ಮುಖ ಸಿಂಡರಿಸಿಕೊಂಡು ಮೆಟ್ಟಿಲಿಳಿದು ಹೋದರು. ಮೊನ್ನೆ ಸೋಮವಾರ ಮತ್ತೆ ಬಂದಿದ್ದರು, ಹೊಳೆಯಿಂದ ದೂರದ ಇನ್ನೊಂದು ಸರ್ವೆ ನಂಬರಿನ ಪಹಣಿ ಹಿಡಿದು. ಕೂರಿ ಎಂದೆ.