ಕೈ ಚಾಚದ ಮಧ್ಯಾಹ್ನ

ಕ್ಷೌರದಂಗಡಿಯವನಿಗೆ ಆಸ್ತಮಾ ಹಳೆಯದು, ಮುಖ ಊದಿಸಿದ ಮಾತ್ರೆಗಳು ಹೊಸವು. ಪೌಡರಿನ ಘಾಟಿಗೇ ಉಸಿರು ಕಟ್ಟತೊಡಗಿದಾಗ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮನೆ ಸೇರಿದ. ಕತ್ತರಿಗಿಂತ ಜೋರಾಗಿ ಬಾಯಿ ಓಡಿಸುತ್ತಿದ್ದವನು ಈಗ ಹೆಂಡತಿ ಕರೆದರೂ ಹೂಂ ಅನ್ನದೆ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದ.

ಒಂದು ಮಧ್ಯಾಹ್ನ ಉಬ್ಬಸ ಏರಿತು. ಇನ್‌ಹೇಲರ್ ದಿಂಬಿನ ಪಕ್ಕದಲ್ಲೇ ಇತ್ತು; ಅವನು ಕೈ ಚಾಚಲಿಲ್ಲ. ಹೆಂಡತಿ ಓಡಿಬಂದು ಬಾಯಿಗಿಟ್ಟು ಒತ್ತಿದಳು.

"ಪಕ್ಕದಲ್ಲೇ ಇತ್ತಲ್ಲ, ಯಾಕೆ ತಗೊಳ್ಳಲಿಲ್ಲ?"

"ಬೇಕು ಅನ್ನಿಸ್ಲಿಲ್ಲ ಕಣೆ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ನಡೀರಿ, ಇದೇ ಮಾತು ಡಾಕ್ಟರ್ ಮುಂದೆ ಹೇಳಿ" ಎಂದು ಚಪ್ಪಲಿ ತಂದಿಟ್ಟಳು.

ಆಸ್ಪತ್ರೆಯಲ್ಲಿ ಅವನು ತಲೆ ತಗ್ಗಿಸಿ ಅದನ್ನೇ ಹೇಳಿದ. ಮುಖ ಊದಿಸಿದ ಆ ಮಾತ್ರೆಗಳು ಮನಸ್ಸನ್ನೂ ಕುಗ್ಗಿಸಿರಬಹುದು ಎಂದ ಡಾಕ್ಟರು ಅವುಗಳ ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತ, ಮನಸ್ಸಿಗೂ ಔಷಧಿ ಬರೆದರು. ಕತ್ತಲೆ ಪೂರ್ತಿ ಸರಿಯಲಿಲ್ಲ. ಆದರೆ ಅದು ಕವಿದಾಗ "ಇವತ್ತು ಆಗ್ತಿಲ್ಲ, ಇಲ್ಲೇ ಕೂತ್ಕೋ" ಎಂದು ಹೆಂಡತಿಗೆ ಹೇಳುವುದನ್ನು ಕಲಿತ.