ದನಿ ಅದೇ ಐತಲ್ಲ

ಶಿರಾದ ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಆಪಾ ಧಾರಾವಾಹಿಗಳನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಟಿವಿ ಅವರ ಬೆನ್ನ ಹಿಂದಿತ್ತು, ಕಣ್ಣು ಸೂಜಿಯ ಮೇಲೆ. ಸಂಜೆ ನಾವು ಹೆಂಗಸರು ಚಾಪೆಯ ಮೇಲೆ ಕೂತು ಧಾರಾವಾಹಿಯ ಅತ್ತೆಯನ್ನು ಬೈಯುತ್ತಿದ್ದರೆ, ಆಪಾ ಕಿರುಗುಟ್ಟುವ ಮಷೀನು ನಿಲ್ಲಿಸಿ, "ತಡೀರಮ್ಮ, ಅವ್ಳ ದನಿ ನಡುಗ್ತೈತೆ. ಒಳಗೊಳಗೇ ಅಳ್ತಾವ್ಳೆ" ಅನ್ನುತ್ತಿದ್ದರು.

ಒಮ್ಮೆ ನಾಯಕಿಯ ಪಾತ್ರಕ್ಕೆ ಬೇರೆ ನಟಿ ಬಂದಳು. ಇನ್ನು ಈ ಧಾರಾವಾಹಿಯೇ ಬೇಡ ಎಂದು ನಾವೆಲ್ಲ ರೇಗಿದೆವು. ಆಪಾಗೆ ಅದು ಗೊತ್ತೇ ಆಗಿರಲಿಲ್ಲ. ಡಬ್ಬಿಂಗ್ ಮಾಡುವವಳು ಹಳಬಳೇ. ಹೇಳಿದ ಮೇಲೆ ಒಂದೇ ಒಂದು ಸಲ ತಿರುಗಿ ನೋಡಿದರು. "ಮೊಖ ಬದಲಾದ್ರೆ ಏನಾಯ್ತು? ದನಿ ಅದೇ ಐತಲ್ಲ. ಅವ್ಳೇ ಕಣಮ್ಮ" ಎಂದು ಮತ್ತೆ ಮಷೀನು ತುಳಿಯತೊಡಗಿದರು. ನಾನು ಜೋರಾಗಿ ನಕ್ಕುಬಿಟ್ಟಿದ್ದೆ.

ಆಪಾ ಈಗಿಲ್ಲ. ಅವರ ಮಷೀನನ್ನು ಸೊಸೆ ತುಳಿಯುತ್ತಾಳೆ. ಎಷ್ಟು ಎಣ್ಣೆ ಬಿಟ್ಟರೂ ಅದು ಹಾಗೆಯೇ ಕಿರುಗುಟ್ಟುತ್ತದಂತೆ. ಮೊನ್ನೆ ಬ್ಲೌಸ್ ಬಟ್ಟೆ ಹಿಡಿದು ಅವರ ಬಾಗಿಲಿಗೆ ಹೋದವಳು ಒಳಗೆ ನೋಡಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಮಷೀನು ಕಿರುಗುಟ್ಟುವುದನ್ನು ಕೇಳುತ್ತ ಮೆಟ್ಟಿಲ ಮೇಲೆ ಕೂತೆ.